ಮುಖಪುಟದ ಕಲಾವಿದರಿಗೆ ಲಕ್ಷದ ಟ್ಯಾಬ್ಲೆಟ್: ಎಲ್ಲಿ ಬೆಲೆಗೆ ತಕ್ಕದ್ದು, ಎಲ್ಲಿ ಅಲ್ಲ

ಪ್ರಶ್ನೆ: ಗದಗ-ಬೆಟಗೇರಿಯಲ್ಲಿ ಡಿಟಿಪಿ ಕೆಲಸ ಮಾಡಿಕೊಂಡಿದ್ದೇನೆ. ಇಲ್ಲಿಯ ಮತ್ತು ಹುಬ್ಬಳ್ಳಿಯ ಪ್ರೆಸ್‌ಗಳಿಗೆ ಪುಸ್ತಕದ ಮುಖಪುಟ, ಜಾತ್ರೆಯ ಬ್ಯಾನರ್, ಮದುವೆ ಪತ್ರಿಕೆ ಮಾಡಿಕೊಡುತ್ತೇನೆ. ಚಿತ್ರವನ್ನು ಹಾಳೆಯ ಮೇಲೆ ಬಿಡಿಸಿ, ಸ್ಕ್ಯಾನ್ ಮಾಡಿ, ವಿಂಡೋಸ್ ಕಂಪ್ಯೂಟರಿನಲ್ಲಿ ಮೌಸ್ ಹಿಡಿದು ಬಣ್ಣ ತುಂಬುವುದು ಈಗಿನ ರೂಢಿ. ಪುಟ ಕಟ್ಟಲು ಪೇಜ್‌ಮೇಕರ್, ಅಕ್ಷರಕ್ಕೆ ನುಡಿ. ಐಪ್ಯಾಡ್ ಪ್ರೊ ತಗೊಂಡರೆ ಎಲ್ಲ ಕೆಲಸ ಅದರಲ್ಲೇ ಮುಗಿಯುತ್ತದೆ, ಕಂಪ್ಯೂಟರ್ ಬೇಕಾಗುವುದಿಲ್ಲ ಅಂತ ಮಗ ಹೇಳುತ್ತಾನೆ. ಪೆನ್ನು ಸೇರಿ ಲಕ್ಷ ದಾಟುತ್ತದೆ. ಅಷ್ಟು ದುಡ್ಡು ಹಾಕಬಹುದೇ? ನಮ್ಮ ಕಡೆಯ ಬಿಸಿಲಿಗೆ ತಡೆಯುತ್ತದೆಯೇ? ಎಷ್ಟು ವರ್ಷ ಬಾಳುತ್ತದೆ?

ಉತ್ತರ: ಪೆನ್ನಿನಿಂದ ನೇರವಾಗಿ ಪರದೆಯ ಮೇಲೆ ಬಿಡಿಸುವ ಟ್ಯಾಬ್ಲೆಟ್ ನಿಮಗೆ ಖಂಡಿತ ಬೇಕು. ಮೌಸ್ ಹಿಡಿದು ಬಣ್ಣ ತುಂಬುವ ಶ್ರಮ ಅದರಿಂದ ತಪ್ಪುತ್ತದೆ. ಆದರೆ ಅದು ಪ್ರೊ ಆಗಿರಲೇಬೇಕು ಎಂದೇನಿಲ್ಲ. ಕಂಪ್ಯೂಟರನ್ನಂತೂ ಮಾರಬೇಡಿ.

ಐಪ್ಯಾಡ್ ಪ್ರೊಗೆ ಕೊಡುವ ಹೆಚ್ಚುವರಿ ದುಡ್ಡಿನ ದೊಡ್ಡ ಪಾಲು ಹೋಗುವುದು ಪರದೆಗೆ. ನಿಮ್ಮ ಕೆಲಸ ಕೊನೆಗೆ ಕಾಣುವುದು ಪರದೆಯ ಮೇಲಲ್ಲ, ಆರ್ಟ್ ಕಾರ್ಡಿನ ಮೇಲೆ ನಾಲ್ಕು ಬಣ್ಣದ ಶಾಯಿಯಲ್ಲಿ. ಆ ಪರದೆಯ ಅತಿಶಯವಾದ ಗುಣಗಳಲ್ಲಿ ಬಹುಪಾಲು ಅಚ್ಚಿನ ಪ್ಲೇಟ್ ಆಗುವ ಹೊತ್ತಿಗೆ ಸೋರಿಹೋಗುತ್ತವೆ. ವಿಡಿಯೋ ಎಡಿಟ್ ಮಾಡುವವರಿಗೆ, ಅನಿಮೇಷನ್ ಮಾಡುವವರಿಗೆ ಈ ಮಾತು ಅನ್ವಯಿಸುವುದಿಲ್ಲ. ಅವರ ಕೆಲಸವನ್ನು ಜನ ನೋಡುವುದೇ ಪರದೆಯಲ್ಲಿ.

ಮೊದಲು ಪ್ರೊನ ನಿಜವಾದ ಬಲ ಯಾವುದು ನೋಡೋಣ. 2025ರ ಅಕ್ಟೋಬರ್‌ನಲ್ಲಿ ಬಂದ ಎಂ5 ಚಿಪ್ಪಿನ ಪ್ರೊ 11 ಇಂಚಿಗೆ 99,900 ರೂಪಾಯಿ, 13 ಇಂಚಿಗೆ 1,29,900 ರೂಪಾಯಿ. ಬಿಡಿಸುವ ಪೆನ್ನು, ಪೆನ್ಸಿಲ್ ಪ್ರೊ, ಬೇರೆ, 11,900. ಅಂದರೆ 13 ಇಂಚಿನ ಜೋಡಿ 1,41,800ಕ್ಕೆ ಬರುತ್ತದೆ. ಇವು ಬಿಡುಗಡೆಯಾದಾಗಿನ ಬೆಲೆಗಳು. ದೀಪಾವಳಿ, ಯುಗಾದಿಯ ಹೊತ್ತಿಗೆ ಕೆಲವು ಸಾವಿರ ಇಳಿಯುವುದುಂಟು. ಎರಡು ಪದರದ ಓಎಲ್‌ಇಡಿ ಪರದೆ, ಇಡೀ ಪರದೆಗೆ 1,000 ನಿಟ್ಸ್ ಬೆಳಕು, ಸೆಕೆಂಡಿಗೆ 120 ಸಲ ಚಿತ್ರ ಬದಲಾಗುವ ವೇಗ. 13 ಇಂಚಿನದು ಬರೀ 5.1 ಮಿ.ಮೀ. ದಪ್ಪ, 579 ಗ್ರಾಂ ತೂಕ.

ಇವುಗಳಲ್ಲಿ ಚಿತ್ರ ಬಿಡಿಸುವವರ ಕೈಗೆ ನೇರವಾಗಿ ಗೊತ್ತಾಗುವುದು 120ರ ವೇಗ ಒಂದೇ. 60ರ ಪರದೆಯಲ್ಲಿ ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ 16.7 ಮಿಲಿಸೆಕೆಂಡ್ ಅಂತರ, 120ರಲ್ಲಿ 8.3. ಎತ್ತಿನ ಬೆನ್ನಿನ ಬಾಗು, ಸೀರೆಯ ಸೆರಗು, ದೊಡ್ಡ ಅಕ್ಷರದ ಕೊಂಬು, ಇಂಥ ಉದ್ದನೆಯ ಗೆರೆಯನ್ನು ಒಂದೇ ಬೀಸಿಗೆ ಎಳೆಯುವಾಗ 60ರ ಪರದೆಯಲ್ಲಿ ಗೆರೆ ಪೆನ್ನಿನ ತುದಿಗಿಂತ ಒಂದಿಷ್ಟು ಹಿಂದೆ ಉಳಿದಂತೆ ಕಾಣುತ್ತದೆ. 120ರಲ್ಲಿ ಹೆಚ್ಚುಕಡಿಮೆ ತುದಿಗೇ ಅಂಟಿಕೊಂಡು ಬರುತ್ತದೆ. ಬಣ್ಣ ತುಂಬುವಾಗ, ನೆರಳು ಹಾಕುವಾಗ, ಸಣ್ಣ ತಿದ್ದುಪಡಿ ಮಾಡುವಾಗ ಈ ವ್ಯತ್ಯಾಸ ಲೆಕ್ಕಕ್ಕಿಲ್ಲ. ದಿನವಿಡೀ ಗೆರೆಯದೇ ಕೆಲಸವಾದರೆ ಇದಕ್ಕೆ ದುಡ್ಡು ಕೊಡುವುದರಲ್ಲಿ ಅರ್ಥವಿದೆ.

ಇನ್ನು ಬಣ್ಣದ ವಿಷಯ. ನಿಮಗೆ ಹೆಚ್ಚು ಕಾಡುವುದು ಇದೇ, ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಐಪ್ಯಾಡ್ ಪ್ರೊ ಮತ್ತು ಅದಕ್ಕಿಂತ ಅಗ್ಗದ ಐಪ್ಯಾಡ್ ಏರ್ ಎರಡೂ ಪಿ3 ಎಂಬ ವಿಶಾಲ ಬಣ್ಣವ್ಯಾಪ್ತಿಯನ್ನು ತೋರಿಸುತ್ತವೆ. ಆಫ್‌ಸೆಟ್‌ನ ನಾಲ್ಕು ಶಾಯಿಗಳಿಗೆ ಆ ವ್ಯಾಪ್ತಿ ಇಲ್ಲ. ಗಿಣಿಹಸಿರು, ಉರಿಯುವಂಥ ಕೇಸರಿ, ಕಡುನೀಲಿ ಪರದೆಯಲ್ಲಿ ಹೊಳೆಯುತ್ತವೆ, ಅಚ್ಚಿನಲ್ಲಿ ಮಂಕಾಗುತ್ತವೆ. ಪರದೆ ಒಳ್ಳೆಯದಾದಷ್ಟೂ ಈ ಅಂತರ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ನೀಲಿಯದು ವಿಶೇಷ ತೊಂದರೆ: ಸಯಾನ್ (ತಿಳಿನೀಲಿ ಶಾಯಿ) ಮತ್ತು ಮೆಜೆಂಟಾ (ಗುಲಾಬಿಗೆಂಪು ಶಾಯಿ) ಸಮಸಮ ಬಿದ್ದರೆ ನೀಲಿ ಹೋಗಿ ನೇರಳೆ ಆಗುತ್ತದೆ. ಮೆಜೆಂಟಾ ಯಾವಾಗಲೂ ಸಯಾನ್‌ಗಿಂತ ಶೇ 30ರಷ್ಟಾದರೂ ಕಡಿಮೆ ಇರಲಿ. ಹಳದಿ ಮತ್ತು ಕೆಂಪು ಅಷ್ಟು ಮೋಸ ಮಾಡುವುದಿಲ್ಲ. ಪೂರ್ತಿ ಹಳದಿಯ ಮೇಲೆ ಪೂರ್ತಿ ಮೆಜೆಂಟಾ ಕೊಟ್ಟರೆ ಒಳ್ಳೆಯ ಕುಂಕುಮಗೆಂಪೇ ಬರುತ್ತದೆ.

ಐಪ್ಯಾಡಿನಲ್ಲಿ ಚಿತ್ರಕಾರರು ಹೆಚ್ಚು ಬಳಸುವ ತಂತ್ರಾಂಶ ಪ್ರೊಕ್ರಿಯೇಟ್. ಒಂದೇ ಸಲ ದುಡ್ಡು ಕೊಟ್ಟರೆ ಆಯಿತು, ತಿಂಗಳ ಬಾಡಿಗೆ ಇಲ್ಲ. ಹೊಸ ಕ್ಯಾನ್ವಾಸ್ ತೆರೆಯುವಾಗಲೇ ಆರ್‌ಜಿಬಿಯೋ (ಪರದೆಯ ಬಣ್ಣಪದ್ಧತಿ) ಸಿಎಂವೈಕೆಯೋ (ಅಚ್ಚಿನ ನಾಲ್ಕು ಶಾಯಿಯ ಪದ್ಧತಿ) ಆಯ್ದುಕೊಳ್ಳಬೇಕು, ಆಮೇಲೆ ಬದಲಿಸಲಾಗದು. ಆರ್‌ಜಿಬಿಯ ಮಾಮೂಲಿ ಬಗೆಯಾದ ಎಸ್‌ಆರ್‌ಜಿಬಿಯಲ್ಲಿ ಬಿಡಿಸಿ, ಲೇಯರ್ (ಚಿತ್ರದ ಪದರ) ಸಮೇತ ಪಿಎಸ್‌ಡಿ ಕಡತವಾಗಿ ಹೊರತೆಗೆದು, ಸಿಎಂವೈಕೆಗೆ ತಿರುಗಿಸುವ ಕೆಲಸವನ್ನು ಕಂಪ್ಯೂಟರಿನ ಫೋಟೋಶಾಪ್‌ನಲ್ಲಿ ನಿಮ್ಮ ಪ್ರೆಸ್ಸಿನವರು ಹೇಳುವ ಬಣ್ಣದ ಪ್ರೊಫೈಲ್ ಹಾಕಿ ಮಾಡಿಕೊಳ್ಳುವುದು ಒಳ್ಳೆಯದು. ಹಾಗೆ ಮಾಡಿದರೆ ಅದೇ ಚಿತ್ರವನ್ನು ನಾಳೆ ಫ್ಲೆಕ್ಸ್‌ಗೂ ವಾಟ್ಸಾಪ್‌ಗೂ ಬಳಸಬಹುದು.

ಪರದೆಯನ್ನು ಅಚ್ಚಿಗೆ ಹತ್ತಿರ ತರಲು ಟ್ರೂ ಟೋನ್ ಮತ್ತು ನೈಟ್ ಶಿಫ್ಟ್ ಎರಡನ್ನೂ ಆರಿಸಿಬಿಡಿ. ಅವು ಕೋಣೆಯ ಬೆಳಕು, ಹೊತ್ತು ನೋಡಿ ಬಿಳಿಯನ್ನೇ ಹಳದಿಯತ್ತ ತಿರುಗಿಸುತ್ತವೆ. ಬೆಳಕನ್ನು ಅರ್ಧಕ್ಕೆ ಇಳಿಸಿ. ಹಿಂದೆ ನೀವೇ ಮಾಡಿದ, ಅಚ್ಚಾದ ಒಂದು ಮುಖಪುಟವನ್ನು ಪಕ್ಕದಲ್ಲಿಟ್ಟು, ಅದರ ಕಡತವನ್ನು ಪರದೆಯಲ್ಲಿ ತೆರೆದು, ಎರಡೂ ಸುಮಾರು ಒಂದೇ ಹೊಳಪಿಗೆ ಬರುವವರೆಗೆ ಬೆಳಕು ಹೊಂದಿಸಿಕೊಳ್ಳಿ. ಪೂರ್ತಿ ಬೆಳಕಿನಲ್ಲಿ ಬಿಡಿಸಿದ ಚಿತ್ರ ಪ್ರೆಸ್ಸಿನಿಂದ ಕಪ್ಪಾಗಿ ಬಂತು ಎಂಬ ದೂರಿಗೆ ಮೂಲ ಬಹಳ ಸಲ ಇಲ್ಲಿಯೇ ಇರುತ್ತದೆ. ಪ್ರೊನಲ್ಲಿ ರೆಫರೆನ್ಸ್ ಮೋಡ್ ಎಂಬ ಇನ್ನೊಂದು ಸೌಲಭ್ಯವಿದೆ. ಬಣ್ಣವನ್ನು ಒಂದು ಮಾನದಂಡಕ್ಕೆ ಕಟ್ಟಿಹಾಕುತ್ತದೆ. ಏರ್‌ನಲ್ಲಿ ಅದಿಲ್ಲ. ಅಚ್ಚಿನ ಕೆಲಸಕ್ಕೆ ಅದಕ್ಕಿಂತ ಒಂದು ಪ್ರೂಫ್ ಪ್ರತಿ ಹೆಚ್ಚು ನಂಬಿಕೆಗೆ ಅರ್ಹ.

ಈಗ ಅಳತೆ ನೋಡಿ. 1/8 ಡೆಮಿ ಪುಸ್ತಕ ಅಂದರೆ 5.5 × 8.5 ಇಂಚು. 70 ಜಿಎಸ್‌ಎಂ ಕಾಗದದಲ್ಲಿ 240 ಪುಟವಾದರೆ ಬೆನ್ನು ಸುಮಾರು ಅರ್ಧ ಇಂಚು. ಮುಂದಿನ ಪುಟ, ಹಿಂದಿನ ಪುಟ, ಬೆನ್ನು ಸೇರಿ 11.5 ಇಂಚು, ನಾಲ್ಕೂ ಕಡೆ ಕಟಿಂಗ್‌ಗೆ ಇಂಚಿನ ಎಂಟನೇ ಒಂದು ಭಾಗ ಬ್ಲೀಡ್ ಬಿಟ್ಟರೆ 11.75 × 8.75. 300 ಡಿಪಿಐಗೆ (ಇಂಚಿಗೆ 300 ಚುಕ್ಕೆ) 3525 × 2625 ಪಿಕ್ಸೆಲ್. ಇಷ್ಟು ದೊಡ್ಡ ಕ್ಯಾನ್ವಾಸಿನ ಒಂದು ಲೇಯರ್‌ಗೆ ಸುಮಾರು 37 ಎಂಬಿ ಮೆಮೊರಿ ಬೇಕು. ಪ್ರೊಕ್ರಿಯೇಟ್ ಮೆಮೊರಿ ನೋಡಿ ಲೇಯರ್‌ಗಳ ಸಂಖ್ಯೆಗೆ ಮಿತಿ ಹಾಕುತ್ತದೆ. ಚೆನ್ನಾಗಿ ಬರಲಿ ಎಂದು 600 ಡಿಪಿಐ ಇಟ್ಟುಕೊಂಡರೆ ಲೇಯರ್ ಒಂದಕ್ಕೆ ನಾಲ್ಕು ಪಟ್ಟು, ಸುಮಾರು 148 ಎಂಬಿ ಆಗಿ, ಅರ್ಧ ಚಿತ್ರಕ್ಕೇ ಲೇಯರ್ ಮುಗಿದುಹೋಗುತ್ತವೆ. ಮುಖಪುಟಕ್ಕೆ 300 ಸಾಕು. ಎಂ3 ಏರ್‌ನ 8 ಜಿಬಿ ಮೆಮೊರಿಯೂ ಇದಕ್ಕೆ ಸಾಕು. ಪ್ರೊನಲ್ಲಿ 12 ಜಿಬಿ ಇದೆ, 1 ಟಿಬಿ ಮತ್ತು ಮೇಲಿನದರಲ್ಲಿ 16.

ಫ್ಲೆಕ್ಸ್‌ಗೆ ಇಷ್ಟು ಸಾಂದ್ರತೆಯೂ ಬೇಡ. 6 × 4 ಅಡಿಗೆ 72 ಡಿಪಿಐ ಇಟ್ಟರೆ 5184 × 3456 ಪಿಕ್ಸೆಲ್. 20 × 10 ಅಡಿಯ ಜಾತ್ರೆ ಬ್ಯಾನರಿಗೆ 36 ಡಿಪಿಐ ಸಾಕು, ದೂರದಿಂದ ನೋಡುವಂಥದ್ದು. ಬ್ಯಾನರಿನ ಅಕ್ಷರಗಳನ್ನು ಮಾತ್ರ ಇಲ್ಲಿ ಬರೆಯಬೇಡಿ. ಪ್ರೊಕ್ರಿಯೇಟ್‌ನ ಚಿತ್ರ ಪಿಕ್ಸೆಲ್‌ಗಳದ್ದು, ಹಿಗ್ಗಿಸಿದರೆ ಅಂಚು ಒಡೆಯುತ್ತದೆ. ಅಕ್ಷರ ಕೋರೆಲ್ ಡ್ರಾದಲ್ಲೇ ಇರಲಿ.

ಅಕ್ಷರದ ಮಾತು ಬಂತು. ನಿಮ್ಮ ಮಗ ಹೇಳಿದ್ದು ತಪ್ಪಾಗುವುದು ಇಲ್ಲಿಯೇ. ಐಪ್ಯಾಡಿನಲ್ಲಿ ಪೇಜ್‌ಮೇಕರ್ ಇಲ್ಲ, ಇನ್‌ಡಿಸೈನ್ ಇಲ್ಲ, ನುಡಿಯೂ ಶ್ರೀಲಿಪಿಯೂ ಓಡುವುದಿಲ್ಲ. ಫೋಟೋಶಾಪ್ ಇದ್ದರೂ ಕಂಪ್ಯೂಟರಿನಲ್ಲಿ ಇರುವಷ್ಟು ಪೂರ್ಣವಾಗಿಲ್ಲ. ನುಡಿಯ ಹಳೆಯ ಫಾಂಟ್ ಕಡತವನ್ನು ಪ್ರೊಕ್ರಿಯೇಟ್‌ಗೆ ಸೇರಿಸಬಹುದು, ಅದು ಪಟ್ಟಿಯಲ್ಲಿ ಕಾಣುತ್ತದೆ ಕೂಡ. ಆದರೆ ಐಪ್ಯಾಡಿನ ಕನ್ನಡ ಕೀಲಿಮಣೆ ಕಳಿಸುವುದು ಯೂನಿಕೋಡ್ (ಎಲ್ಲ ಯಂತ್ರಗಳಿಗೂ ಒಂದೇ ಆದ ಸಂಕೇತ ಪದ್ಧತಿ) ಅಕ್ಷರ. ಹಳೆಯ ನುಡಿ ಫಾಂಟಿನಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿರುತ್ತಾರೆ, ಯೂನಿಕೋಡ್ ಜಾಗ ಖಾಲಿ. ಹಾಗಾಗಿ ನೀವು ಆ ಫಾಂಟ್ ಆಯ್ದುಕೊಂಡರೂ ಪರದೆಯಲ್ಲಿ ಬರುವುದು ಐಪ್ಯಾಡಿನದೇ ಮಾಮೂಲಿ ಕನ್ನಡ ಅಕ್ಷರ. ನಿಮ್ಮ ಹಳೆಯ ನುಡಿ ಕಡತಗಳನ್ನು ಅಲ್ಲಿ ತೆರೆದರೆ ಅರ್ಥವಾಗದ ಇಂಗ್ಲಿಷ್ ಚಿಹ್ನೆಗಳ ಸಾಲು ಕಾಣುತ್ತದೆ. ಕಡತ ಹಾಳಾಯಿತೆಂದು ಗಾಬರಿಯಾಗಬೇಡಿ, ಕಂಪ್ಯೂಟರಿನಲ್ಲಿ ಸರಿಯಾಗಿಯೇ ಇರುತ್ತದೆ.

ಯೂನಿಕೋಡ್ ಫಾಂಟುಗಳು ಚೆನ್ನಾಗಿ ಕೆಲಸ ಮಾಡುತ್ತವೆ. ಬಾಲೂ ತಮ್ಮ, ಅನೆಕ್ ಕನ್ನಡ, ತಿರೊ ಕನ್ನಡ, ನೋಟೊ ಸೆರಿಫ್ ಕನ್ನಡ ಇವೆಲ್ಲ ಗೂಗಲ್ ಫಾಂಟ್ಸ್‌ನಲ್ಲಿ ಉಚಿತ. ಹುಬ್ಬಳ್ಳಿಯ ಹೆಸರಿಟ್ಟ ಫಾಂಟೂ ಅಲ್ಲಿದೆ, ಶೀರ್ಷಿಕೆಗೆ ಸೊಗಸಾಗಿ ಒಪ್ಪುತ್ತದೆ. ಯಾವುದೇ ಹೊಸ ತಂತ್ರಾಂಶದಲ್ಲಿ ಮೊದಲು ‘ಲಕ್ಷ್ಮೇಶ್ವರ’ ಎಂದು ಬರೆದು ನೋಡಿ. ಕ್ಷ್ಮೇ ಒಂದೇ ಕಡೆ ಸರಿಯಾಗಿ ಕೂತರೆ ಒತ್ತಕ್ಷರ ಸರಿಯಿದೆ. ಅರ್ಧಚಂದ್ರದಂಥ ಗುರುತು ಎದ್ದು ಅಕ್ಷರಗಳು ಬಿಡಿಬಿಡಿಯಾಗಿ ನಿಂತರೆ ಆ ತಂತ್ರಾಂಶಕ್ಕೆ ಕನ್ನಡ ಜೋಡಿಸಲು ಬರುವುದಿಲ್ಲ. ಅದನ್ನು ಅಕ್ಷರಕ್ಕೆ ಬಳಸುವುದೇ ಬೇಡ.

ಇಷ್ಟಾದರೂ ಪುಸ್ತಕದ ಹೆಸರು, ಲೇಖಕರ ಹೆಸರು, ಬೆನ್ನಿನ ಮೇಲಿನ ಸಾಲು, ಹಿಂಬದಿಯ ಬರಹ ಯಾವುದನ್ನೂ ಚಿತ್ರದೊಳಗೆ ಸೇರಿಸಿ ಕಳಿಸಬಾರದು. ಕಾರಣ ಕಪ್ಪು. ಆರ್‌ಜಿಬಿಯ ಕಪ್ಪು ಸಿಎಂವೈಕೆಗೆ ತಿರುಗಿದಾಗ ಬರೀ ಕಪ್ಪು ಶಾಯಿಯಾಗಿ ಉಳಿಯುವುದಿಲ್ಲ, ನಾಲ್ಕೂ ಪ್ಲೇಟಿಗೆ ಹಂಚಿಹೋಗುತ್ತದೆ. ಯಂತ್ರದಲ್ಲಿ ರಿಜಿಸ್ಟರ್ (ನಾಲ್ಕು ಬಣ್ಣಗಳ ಹೊಂದಾಣಿಕೆ) ಕೂದಲೆಳೆ ತಪ್ಪಿದರೂ 10 ಪಾಯಿಂಟ್ ಅಕ್ಷರದ ಸುತ್ತ ಕೆಂಪು-ನೀಲಿ ಅಂಚು ಎದ್ದು ಕಾಣುತ್ತದೆ, ವಟ್ರಸುಳಿ, ಸೊನ್ನೆಗಳ ಒಳಜಾಗ ಮುಚ್ಚಿಹೋಗುತ್ತದೆ. ಬರಹ ಬರೀ ಕಪ್ಪು ಪ್ಲೇಟಿನಲ್ಲಿ ಶೇ 100 ಇರಬೇಕು, ಓವರ್‌ಪ್ರಿಂಟ್ ಆಗಬೇಕು, ಅಂದರೆ ಕೆಳಗಿನ ಬಣ್ಣದ ಮೇಲೆಯೇ ಅಚ್ಚಾಗಬೇಕು. ಪ್ರೊಕ್ರಿಯೇಟ್‌ನಲ್ಲಿ ಓವರ್‌ಪ್ರಿಂಟ್ ಹೇಳುವ ದಾರಿಯಿಲ್ಲ, ಬಂಗಾರದ ಶಾಯಿಯಂಥ ಐದನೇ ಬಣ್ಣಕ್ಕೆ ಬೇರೆ ಪ್ಲೇಟ್ ತೆಗೆಯಲೂ ಆಗದು. ಮದುವೆ ಪತ್ರಿಕೆ ಮಾಡುವವರಿಗೆ ಇದು ಸಣ್ಣ ಮಾತಲ್ಲ. ಚಿತ್ರ ಟ್ಯಾಬ್ಲೆಟ್‌ನಲ್ಲಿ ಆಗಲಿ, ಅಕ್ಷರ ಮತ್ತು ಪ್ಲೇಟಿನ ವ್ಯವಹಾರವೆಲ್ಲ ಈಗಿನ ಕಂಪ್ಯೂಟರಿನಲ್ಲೇ ನಡೆಯಲಿ.

ಹಾಗಾದರೆ ಯಾವುದು ತಗೊಳ್ಳಬೇಕು? 2025ರ ಮಾರ್ಚ್‌ನಲ್ಲಿ ಬಂದ ಎಂ3 ಐಪ್ಯಾಡ್ ಏರ್, 13 ಇಂಚು, ಬಿಡುಗಡೆಯಾದಾಗಿನ ಬೆಲೆ 79,900. ಪೆನ್ಸಿಲ್ ಪ್ರೊ ಇದಕ್ಕೂ ನಡೆಯುತ್ತದೆ. ಒತ್ತಿದಷ್ಟು ಗೆರೆ ದಪ್ಪವಾಗುವುದು, ಓರೆ ಹಿಡಿದರೆ ನೆರಳು ಬೀಳುವುದು, ಪೆನ್ನು ಹೊರಳಿಸಿದರೆ ಬ್ರಷ್ ಹೊರಳುವುದು ಎಲ್ಲ ಪ್ರೊನಲ್ಲಿ ಇದ್ದಂತೆಯೇ. ಜೋಡಿ 91,800. ಎರಡೂ 13 ಇಂಚಿನ ಜೋಡಿಗಳ ನಡುವೆ 50,000 ರೂಪಾಯಿ ಉಳಿಯುತ್ತದೆ. 11 ಇಂಚಿನ ಪ್ರೊಗಿಂತ 13 ಇಂಚಿನ ಏರ್ ನಿಮಗೆ ಮೇಲು: ಅದನ್ನು ಉದ್ದಕ್ಕೆ ಹಿಡಿದರೆ ಸುಮಾರು 7.8 × 10.4 ಇಂಚಿನ ಜಾಗ, 1/8 ಡೆಮಿ ಮುಖಪುಟ ನಿಜವಾದ ಅಳತೆಯಲ್ಲೇ ಕೂತು ಸುತ್ತ ಬ್ರಷ್ ಪಟ್ಟಿಗೂ ಸ್ಥಳ ಉಳಿಯುತ್ತದೆ. 11 ಇಂಚಿನದರಲ್ಲಿ ಅಗಲ ಬರೀ 6.3 ಇಂಚು, ಇಕ್ಕಟ್ಟು. ಏರ್‌ನ ಕೊರತೆಗಳೂ ಇವೆ. 60ರ ವೇಗ, ಎಲ್‌ಸಿಡಿ ಪರದೆ, 600 ನಿಟ್ಸ್ ಬೆಳಕು. ತೂಕ 616 ಗ್ರಾಂ, ಪ್ರೊಗಿಂತ ಸ್ವಲ್ಪ ಭಾರ. ಓಎಲ್‌ಇಡಿಯನ್ನು ಕಡಿಮೆ ಬೆಳಕಿನಲ್ಲಿ ಗಂಟೆಗಟ್ಟಲೆ ನೋಡಿದರೆ ಕೆಲವರ ಕಣ್ಣಿಗೆ ಆಯಾಸ ಬರುತ್ತದೆ. ಅಂಥವರಿಗೆ ಎಲ್‌ಸಿಡಿಯೇ ಹಿತ.

ಸಿಮ್ ಇರುವ ಮಾದರಿಗೆ ಏರ್‌ನಲ್ಲಿ 15,000, ಪ್ರೊನಲ್ಲಿ 20,000 ಹೆಚ್ಚು. ಇವೆರಡರಲ್ಲೂ ಸಿಮ್ ಹಾಕುವ ಕಿಂಡಿಯೇ ಇಲ್ಲ, ಇ-ಸಿಮ್ ಮಾತ್ರ. ನಿಮಗೆ ಫೋನಿನ ಹಾಟ್‌ಸ್ಪಾಟ್ ಸಾಕು. ಪ್ರತಿಫಲನ ತಗ್ಗಿಸುವ ನ್ಯಾನೊ ಟೆಕ್ಸ್ಚರ್ ಗಾಜು 1 ಟಿಬಿ ಮೇಲಿನ ಪ್ರೊಗೆ ಮಾತ್ರ ಸಿಗುತ್ತದೆ, ಅದನ್ನೂ ಬಿಡಿ. ಮ್ಯಾಜಿಕ್ ಕೀಬೋರ್ಡ್ ಪ್ರೊಗೆ 29,900ರಿಂದ ಶುರು. ನೀವು ಟೈಪ್ ಮಾಡುವುದೆಲ್ಲ ಕಂಪ್ಯೂಟರಿನಲ್ಲಿ ಅಂದಮೇಲೆ ಅದು ಬೇಡ. ಹಾಳೆಯ ಒರಟು ಬರಲಿ ಎಂದು ಮ್ಯಾಟ್ ಫಿಲ್ಮ್ ಹಾಕಿಸುವವರಿದ್ದಾರೆ. ಕೈಗೆ ಹಿಡಿತ ಬರುವುದು ನಿಜ, ಆದರೆ ಪೆನ್ಸಿಲ್ಲಿನ ತುದಿ ಬೇಗ ಸವೆಯುತ್ತದೆ, ಪರದೆಯ ಮೇಲೆ ಸಣ್ಣ ಮರಳುಮರಳು ಕಾಣುತ್ತದೆ. ಸವೆದ ತುದಿಯನ್ನು ತಿರುಗಿಸಿ ತೆಗೆದು ಹೊಸದು ಹಾಕಬಹುದು. ಒಳಗಿನ ಲೋಹ ಕಾಣುವವರೆಗೆ ಕಾಯಬೇಡಿ, ಗಾಜಿಗೆ ಗೀರು ಬೀಳುತ್ತದೆ.

ಸ್ಯಾಮ್‌ಸಂಗ್ ಗ್ಯಾಲಕ್ಸಿ ಟ್ಯಾಬ್ ಎಸ್ ಸರಣಿಯನ್ನೂ ನೋಡಿ. ಎಸ್ ಪೆನ್ ಪೆಟ್ಟಿಗೆಯಲ್ಲೇ ಬರುತ್ತದೆ, ಬಿಡಿಸಲು ಅದಕ್ಕೆ ಚಾರ್ಜೇ ಬೇಡ. 120ರ ಪರದೆ, ಮೆಮೊರಿ ಕಾರ್ಡಿಗೆ ಜಾಗ, ನೀರು-ದೂಳು ತಡೆಯುವ ಐಪಿ68 ರಕ್ಷಣೆ ಇವೆ. ಕೊರತೆ ಒಂದೇ, ಪ್ರೊಕ್ರಿಯೇಟ್ ಅದಕ್ಕಿಲ್ಲ. ಅದರ ಬದಲು ಬಳಸಬಹುದಾದ ಕ್ಲಿಪ್ ಸ್ಟುಡಿಯೊ ಪೇಂಟ್‌ಗೆ ತಿಂಗಳು ಅಥವಾ ವರ್ಷದ ಲೆಕ್ಕದಲ್ಲಿ ದುಡ್ಡು ಕಟ್ಟಬೇಕು. ಇನ್ನೂ ಅಗ್ಗದ ದಾರಿ, ಕಂಪ್ಯೂಟರಿಗೇ ಜೋಡಿಸುವ ಪೆನ್ ಡಿಸ್‌ಪ್ಲೇ. ವಾಕಾಮ್, ಹುಯಾನ್, ಎಕ್ಸ್‌ಪಿ-ಪೆನ್ ಕಂಪನಿಗಳವು ಸಿಗುತ್ತವೆ, ಮೇಲಿನ ಜೋಡಿಯ ಮೂರನೇ ಒಂದು ಭಾಗಕ್ಕೇ 13 ಇಂಚಿನದು ಬರುತ್ತದೆ. ಬಿಡಿಸಿದ್ದು ನೇರ ಫೋಟೋಶಾಪ್‌ಗೆ ಹೋಗುತ್ತದೆ, ಕಡತ ಸಾಗಿಸುವ ಕೆಲಸವೇ ಇಲ್ಲ. ನೀವು ಅಂಗಡಿಯ ಮೇಜು ಬಿಟ್ಟು ಬೇರೆಲ್ಲೂ ಬಿಡಿಸುವುದಿಲ್ಲ ಎಂದಾದರೆ ಇದೇ ಎಲ್ಲಕ್ಕಿಂತ ಬುದ್ಧಿವಂತಿಕೆಯ ಖರೀದಿ. ಕರೆಂಟ್ ಹೋದಾಗ ಇದೂ ಕಂಪ್ಯೂಟರಿನ ಜೊತೆಗೇ ಆರುತ್ತದೆ. ಐಪ್ಯಾಡ್ ಆರುವುದಿಲ್ಲ, ಪ್ರೊಕ್ರಿಯೇಟ್ ಪ್ರತಿ ಗೆರೆಯನ್ನೂ ತಾನೇ ಉಳಿಸಿಕೊಳ್ಳುತ್ತ ಹೋಗುತ್ತದೆ.

ಆದರೆ ಹಾಗೆ ಉಳಿಸುವುದು ಐಪ್ಯಾಡಿನ ಒಳಗೆ ಮಾತ್ರ. ಆ್ಯಪ್ ಅಳಿಸಿದರೆ ಚಿತ್ರಗಳೆಲ್ಲ ಅದರ ಜೊತೆ ಹೋಗುತ್ತವೆ. ಐಕ್ಲೌಡ್‌ನಲ್ಲಿ ಉಚಿತ ಜಾಗ 5 ಜಿಬಿ, ಮುಖಪುಟಗಳೂ ಸೇರಿದ ಐಪ್ಯಾಡಿನ ಪೂರ್ತಿ ಬ್ಯಾಕಪ್‌ಗೆ ಸಾಲದು. ಕೆಲಸ ಮುಗಿದ ದಿನವೇ ಮೂಲ ಕಡತ ಮತ್ತು ಪಿಎಸ್‌ಡಿ ಎರಡನ್ನೂ ಎಕ್ಸ್‌ಫ್ಯಾಟ್ ಮಾದರಿಗೆ ಫಾರ್ಮ್ಯಾಟ್ ಮಾಡಿದ ಟೈಪ್-ಸಿ ಪೆನ್‌ಡ್ರೈವ್‌ಗೆ ತೆಗೆದಿಡಿ. ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೋ ಎಂದು ಕಳಿಸಿದರೆ ಕುಗ್ಗಿಹೋಗಿ ಪ್ಲೇಟಿಗೆ ಬಾರದಂತಾಗುತ್ತದೆ.

ಬಿಸಿಲಿನ ಬಗ್ಗೆ ಕೇಳಿದ್ದೀರಿ. ಐಪ್ಯಾಡ್ ಬಳಸಲು ಆಪಲ್ ಹೇಳುವ ಸುತ್ತಲಿನ ತಾಪಮಾನ 35 ಡಿಗ್ರಿವರೆಗೆ. ನಮ್ಮ ಕಡೆ ಏಪ್ರಿಲ್-ಮೇನಲ್ಲಿ ಮಧ್ಯಾಹ್ನ ಅದು ಸುಲಭವಾಗಿ ದಾಟುತ್ತದೆ. ಕಾದಾಗ ಮೊದಲು ಪರದೆ ತಾನಾಗಿ ಮಂಕಾಗುತ್ತದೆ, ನೀವು ಬಣ್ಣ ತಪ್ಪಿತೆಂದು ತಿಳಿದು ಇನ್ನಷ್ಟು ತಿಳಿ ಮಾಡಿಬಿಡುತ್ತೀರಿ. ಆಮೇಲೆ ಚಾರ್ಜ್ ಆಗುವುದು ನಿಲ್ಲುತ್ತದೆ. ತಗಡಿನ ಮಾಡಿನ ಅಂಗಡಿಯಾದರೆ ಬಣ್ಣದ ಕೆಲಸ ಬೆಳಗ್ಗೆ ಮಾಡಿ, ಚಾರ್ಜಿಗೆ ಹಾಕಿಕೊಂಡು ಬಿಡಿಸಬೇಡಿ, ಹಿಂಬದಿಯ ಕವರ್ ತೆಗೆದು ಫ್ಯಾನ್ ಗಾಳಿಗೆ ಇಡಿ. ಬೈಕಿನ ಡಿಕ್ಕಿಯಲ್ಲಿ ಬಿಟ್ಟು ಹೋಗಲೇಬಾರದು. ಬ್ಯಾಗಿನಲ್ಲಿ ಹುಬ್ಬಳ್ಳಿಗೆ ಒಯ್ಯುವಾಗ ಗಟ್ಟಿ ಬೆನ್ನಿನ ಕವರ್ ಇರಲಿ. ಇಷ್ಟು ತೆಳುವಾದದ್ದು ಬಸ್ಸಿನ ನೂಕಾಟದಲ್ಲಿ ಬಾಗಬಹುದು.

ಒಡೆದರೆ ಖರ್ಚು ಭಾರಿ. ಐಪ್ಯಾಡಿನ ಪರದೆ ಒಡೆದರೆ ಅಧಿಕೃತ ಸರ್ವಿಸ್‌ನಲ್ಲಿ ಸಾಮಾನ್ಯವಾಗಿ ಇಡೀ ಸಾಧನವನ್ನೇ ಬದಲಿಸುತ್ತಾರೆ, ಬೆಲೆಯೂ ಹಾಗೆಯೇ ಇರುತ್ತದೆ. ಆಪಲ್‌ನ ವಿಮೆಯಂಥ ಯೋಜನೆ ಆಪಲ್‌ಕೇರ್ ಪ್ಲಸ್ ಬೇಕಿದ್ದರೆ ಕೊಂಡ 60 ದಿನದೊಳಗೆ ಮಾಡಿಸಬೇಕು. ಜೀವನದ ದುಡಿಮೆಯೇ ಅದರ ಮೇಲೆ ನಿಂತವರು ಮಾಡಿಸುವುದು ಒಳ್ಳೆಯದು.

ಆಯುಷ್ಯಕ್ಕೆ ಭಯ ಬೇಡ. 2018ರ ಐಪ್ಯಾಡ್ ಪ್ರೊಗೆ 2025ರ ಐಪ್ಯಾಡ್ ಓಎಸ್ 26 ಕೂಡ ಸಿಕ್ಕಿದೆ, ಅಂದರೆ ಏಳು ವರ್ಷ. ಬ್ಯಾಟರಿಯ ಬಗ್ಗೆ ಆಪಲ್ ಹೇಳುವುದು 1,000 ಪೂರ್ಣ ಚಾರ್ಜ್ ಆದಮೇಲೂ ಮೂಲ ಸಾಮರ್ಥ್ಯದ ಶೇ 80 ಉಳಿಯುತ್ತದೆ ಎಂದು. ಸೆಟಿಂಗ್ಸ್‌ನಲ್ಲಿ ಚಾರ್ಜನ್ನು ಶೇ 80ಕ್ಕೆ ನಿಲ್ಲಿಸುವ ಆಯ್ಕೆ ಇದೆ, ಅಂಗಡಿಯಲ್ಲೇ ಕೂತು ಕೆಲಸ ಮಾಡುವವರು ಅದನ್ನು ಹಾಕಿಡಿ. ಪೆನ್ಸಿಲ್ ಅನ್ನು ಮಾತ್ರ ತಿಂಗಳುಗಟ್ಟಲೆ ಚಾರ್ಜಿಲ್ಲದೆ ಡ್ರಾಯರಿನಲ್ಲಿ ಬಿಡಬೇಡಿ, ಅದರ ಸಣ್ಣ ಬ್ಯಾಟರಿ ಸತ್ತರೆ ಮತ್ತೆ ಏಳುವುದಿಲ್ಲ.

120ರ ವೇಗ ಬೇಕೇಬೇಕು, ದುಡ್ಡು ಅಷ್ಟಿಲ್ಲ ಎನಿಸಿದರೆ 2021 ಅಥವಾ 2022ರ ಹಳೆಯ ಪ್ರೊ ನೋಡಬಹುದು. ಅವಕ್ಕೆ ನಡೆಯುವುದು ಎರಡನೇ ಪೀಳಿಗೆಯ ಪೆನ್ಸಿಲ್, ಪೆನ್ಸಿಲ್ ಪ್ರೊ ಅಲ್ಲ. ಆ ಹಳೆಯ ಪೆನ್ಸಿಲ್ ಮುಂದೆ ಹೊಸ ಪ್ರೊ ಕೊಂಡಾಗ ಉಪಯೋಗಕ್ಕೆ ಬಾರದು. ಕೊಳ್ಳುವ ಮುಂಚೆ ಗಾಜಿನ ಮೇಜಿನ ಮೇಲೆ ಅಂಗಾತ ಇಟ್ಟು ಬಾಗಿದೆಯೇ ನೋಡಿ. ಪೆನ್ಸಿಲ್ಲಿನಿಂದ ಮೂಲೆಯಿಂದ ಮೂಲೆಗೆ ನಿಧಾನವಾಗಿ ಓರೆಗೆರೆಗಳನ್ನು ಒತ್ತೊತ್ತಾಗಿ ಎಳೆಯಿರಿ, ಎಲ್ಲಾದರೂ ತುಂಡಾದರೆ ಬೇಡ. ಹಳೆಯ ಮಾಲೀಕರು ತಮ್ಮ ಆಪಲ್ ಖಾತೆಯನ್ನು ನಿಮ್ಮೆದುರೇ ತೆಗೆದು, ಸಾಧನವನ್ನು ಹೊಸದರಂತೆ ಶುರುಮಾಡಿ ಕೊಟ್ಟಮೇಲೆಯೇ ದುಡ್ಡು ಕೊಡಿ.

ಹೊಸದು ಕೊಳ್ಳುವುದಾದರೆ, ಜಿಎಸ್‌ಟಿ ನೋಂದಣಿ ಇದ್ದರೆ ಬಿಲ್ಲಿನಲ್ಲಿ ನಿಮ್ಮ ನಂಬರ್ ಹಾಕಿಸಿ. 91,800ರಲ್ಲಿ ಶೇ 18ರ ತೆರಿಗೆಯ ಭಾಗವೇ ಸುಮಾರು 14,003 ರೂಪಾಯಿ. ಅದರಲ್ಲಿ ಎಷ್ಟು ಹಿಂದಕ್ಕೆ ಪಡೆಯಬಹುದು ಎಂಬುದು ನೀವು ಯಾವ ಕೆಲಸಕ್ಕೆ ತೆರಿಗೆ ಹಾಕುತ್ತೀರಿ ಎನ್ನುವುದರ ಮೇಲಿದೆ. ನಿಮ್ಮ ಲೆಕ್ಕ ನೋಡುವವರನ್ನು ಮೊದಲೇ ಕೇಳಿಕೊಂಡು ಹೋಗಿ, ಬಿಲ್ಲಾದ ಮೇಲೆ ನಂಬರ್ ಸೇರಿಸಲು ಅಂಗಡಿಯವರು ಒಪ್ಪುವುದು ಕಷ್ಟ.